ಒಂದು ಸೆಂಟಿನ ಹಿಂಬದಿಯಲ್ಲಿ ಕೂತಿದ್ದವನು

ಜೂಲಿಯನ್ ಮೆನೇಜಸ್ ಅವರ ಬಗ್ಗೆ ಬರೆಯಲು ನೈರೋಬಿಯಲ್ಲಿ ನನಗಿಂತ ಯೋಗ್ಯರು ಐವತ್ತು ಜನ ಸಿಗುತ್ತಾರೆ. ಅವರ್ಯಾರೂ ಬರೆಯುವುದಿಲ್ಲ, ಏಕೆಂದರೆ ಅವರಿಗೆ ಅದರ ಅಗತ್ಯವಿಲ್ಲ. ಆ ಮನುಷ್ಯನಿಗೆ ತುಂಬಿದ ಸಭೆಯಲ್ಲಿ ಅವಮಾನ ಮಾಡಿದವನು ನಾನೊಬ್ಬನೇ, ಹಾಗಾಗಿ ಬರೆಯುವ ಪಾಳಿಯೂ ನನ್ನದೇ.

ಜೂಲಿಯನ್ ಅವರ ಊರು ಮಂಗಳೂರಿನ ಹತ್ತಿರದ ಕಿನ್ನಿಗೋಳಿ. ಸಾವಿರದ ಒಂಬೈನೂರ ಅರವತ್ತೆರಡರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ಮುಂಬಯಿಯಿಂದ ಹಡಗು ಹತ್ತಿ ಮೊಂಬಾಸಾದಲ್ಲಿ ಇಳಿದು ರೈಲಿನಲ್ಲಿ ನೈರೋಬಿಗೆ ಬಂದವರು. ಬಿಯಾಶರಾ ಸ್ಟ್ರೀಟಿನ ಒಂದು ಗುಜರಾತಿ ಕನ್ನಡಕದಂಗಡಿಯಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ನಾಲ್ಕು ವರ್ಷದಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಕೂತರು. ಮುಂದಿನ ನಲವತ್ತು ವರ್ಷ ಅಲ್ಲಿಂದ ಏಳಲಿಲ್ಲ. ಅರ್ಧ ನೈರೋಬಿ ಅವರು ಉಜ್ಜಿದ ಗಾಜಿನಲ್ಲಿ ಪೇಪರ್ ಓದಿದೆ ಎಂದು ಅವರ ಹೆಂಡತಿ ಎಲ್ಸಿ ಹೇಳುತ್ತಿದ್ದರು. ಅವರು ಮಾತ್ರ ಹಾಗೆಲ್ಲ ಹೇಳಿಕೊಂಡವರಲ್ಲ.

ಆ ಅಂಗಡಿಗೆ ಸಫಾರಿಗೆ ಬಂದ ಅಮೆರಿಕನ್ನರು ನುಗ್ಗುತ್ತಿದ್ದರು. ಮಾರಾ ಅಭಯಾರಣ್ಯದ ಗುಂಡಿ ರಸ್ತೆಯಲ್ಲಿ ಜೀಪು ಎಗರಿ ಕನ್ನಡಕದ ತಿರುಪು ಬಿದ್ದುಹೋಗಿರುತ್ತಿತ್ತು. ಜೂಲಿಯನ್ ಎರಡು ನಿಮಿಷದಲ್ಲಿ ತಿರುಪು ಹಾಕಿಕೊಟ್ಟು, ತಿರುಪಿಗೆ ಎಂಥ ದುಡ್ಡು ಎಂದು ಕೈಯಾಡಿಸಿಬಿಡುತ್ತಿದ್ದರು. ಬಂದವರಿಗೆ ಸಂಕೋಚ. ಜೇಬು ತಡಕಿ, ತಮ್ಮೂರಿನ ಚಿಲ್ಲರೆಯನ್ನು ಗಾಜಿನ ಮೇಲೆ ಸುರಿದು ಹೋಗುತ್ತಿದ್ದರು. ಡಾಲರ್ ನೋಟಾದರೆ ಯಾರಾದರೂ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ. ಡಾಲರಿನ ಚಿಲ್ಲರೆಯನ್ನು ಹಣ ಬದಲಾಯಿಸುವವರು ಮುಟ್ಟುತ್ತಲೂ ಇರಲಿಲ್ಲ. ಹೀಗೆ ಯಾರಿಗೂ ಬೇಡವಾದ ಆ ನಾಣ್ಯಗಳು ಜೂಲಿಯನ್ ಅವರ ಖಾಲಿ ಮಾರ್ಗರೀನ್ ಡಬ್ಬಿಗೆ ಸೇರಿದವು.

ಊಟದ ಹೊತ್ತಿನಲ್ಲಿ, ಕೈ ತೊಳೆದುಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಅವರು ಅವುಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಹತ್ತು ಸೆಂಟಿನ ಡೈಮ್ ಐದು ಸೆಂಟಿನ ನಿಕಲ್‌ಗಿಂತ ಚಿಕ್ಕದು. ಆ ಡೈಮಿನ ಮೇಲೆ 'ಒಂದು ಡೈಮ್' ಎಂದಿದೆಯೇ ಹೊರತು ಅದು ಎಷ್ಟು ಸೆಂಟು ಎಂದು ಎಲ್ಲೂ ಇಲ್ಲ. ಒಂದು ಸೆಂಟಿನಲ್ಲಿ ಲಿಂಕನ್ನನ ಭುಜದ ಕೆಳಗೆ, ಕೆತ್ತಿದವನ ಹೆಸರಿನ ಮೂರು ಅಕ್ಷರಗಳು ಧೂಳಿನ ಕಣದಷ್ಟಿವೆ. ತೊಂಬತ್ತೊಂಬತ್ತರಿಂದ ಅಲ್ಲಿನ ಒಂದೊಂದು ರಾಜ್ಯದ ಹೆಸರಿನಲ್ಲಿ ಒಂದೊಂದು ಇಪ್ಪತ್ತೈದು ಸೆಂಟಿನ ಕ್ವಾರ್ಟರ್ ಬರತೊಡಗಿದಾಗಲಂತೂ ಅವರಿಗೆ ಹಬ್ಬ. ಅಮೆರಿಕ ಕಾಣದ ಆ ಮನುಷ್ಯ ಅಮೆರಿಕವನ್ನು ಹೆಬ್ಬೆರಳಿನ ಉಗುರಿನಷ್ಟಗಲದಲ್ಲಿ ಪೂರ್ತಿ ನೋಡಿ ಮುಗಿಸಿದ್ದರು.

ನಮ್ಮ ಕನ್ನಡ ಸಂಘದ ವನಭೋಜನಕ್ಕೆ ಪ್ರತಿ ಆಗಸ್ಟಿನಲ್ಲಿ ಅವರು ಮಕ್ಕಳಿಗೆ ನಿಧಿ ಹುಡುಕುವ ಆಟ ಇಡುತ್ತಿದ್ದರು. ಪ್ರತಿ ತಂಡಕ್ಕೂ ಎಲ್ಸಿ ಹೊಲಿದ ಒಂದು ಬಟ್ಟೆಚೀಲ, ಅದರಲ್ಲಿ ಹತ್ತು ಹನ್ನೆರಡು ಅಮೆರಿಕನ್ ನಾಣ್ಯ, ಜೊತೆಗೆ ಕಡ ತಂದ ಒಂದು ಭೂತಗನ್ನಡಿ. ಸುಳಿವುಗಳೆಲ್ಲ ಅವರ ದುಂಡಗಿನ ಕನ್ನಡ ಅಕ್ಷರದಲ್ಲಿ, ಒಗಟಿನ ರೂಪದಲ್ಲಿ. 'ಹಸುವೂ ಉಂಟು, ಜೋಳದ ತೆನೆಯೂ ಉಂಟು, ಇವಳ ಮನೆಯ ತಂಪಿನ ಕೆಳಗೆ ಹುಡುಕು' ಎಂದರೆ ವಿಸ್ಕಾನ್ಸಿನ್ ಕ್ವಾರ್ಟರ್ ಹಿಡಿದು, ಹಸುವಿನ ಜಾಡಿನಲ್ಲಿ ಮಜ್ಜಿಗೆ ಡ್ರಮ್ಮಿನ ಕೆಳಗೆ ಕೈಹಾಕಬೇಕು. ಮನೆಯಲ್ಲಿ ಒಂದಕ್ಷರ ಕನ್ನಡ ಓದು ಎಂದರೆ ಮೂಗು ಮುರಿಯುವ ಮಕ್ಕಳು ಆ ದಿನ ಚೀಟಿಗಾಗಿ ಕಿತ್ತಾಡುತ್ತಿದ್ದರು. ನಿಯಮ ಒಂದೇ: ದೊಡ್ಡವರು ಜಮಖಾನ ಬಿಟ್ಟು ಏಳಬಾರದು, ಬಾಯಿ ಬಿಡಬಾರದು.

ಇನ್ನು ನನ್ನ ಕಥೆ. ನಾನು ಪುರುಷೋತ್ತಮ, ಮೈಸೂರಿನವನು, ಟೆಲಿಕಾಂ ಇಂಜಿನಿಯರ್. ಕಂಪನಿ ನನ್ನನ್ನು ಎರಡು ವರ್ಷ ನ್ಯೂಜೆರ್ಸಿಯಲ್ಲಿ ಇಟ್ಟು, ಆಮೇಲೆ ಎರಡು ಸಾವಿರದ ನಾಲ್ಕರಲ್ಲಿ ನೈರೋಬಿಗೆ ಕಳಿಸಿತು. ವೆಸ್ಟ್‌ಲ್ಯಾಂಡ್ಸಿನಲ್ಲಿ ಫ್ಲ್ಯಾಟು, ಕಂಪನಿ ಕಾರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿಕೊಂಡನಂತೆ. ನಾನು ಹಾಡುಹಗಲಲ್ಲೇ ಹಿಡಿಸಿಕೊಂಡು ಓಡಾಡುತ್ತಿದ್ದೆ. ಮಾತಿಗೆ ಮುಂಚೆ 'ನಾವು ಸ್ಟೇಟ್ಸ್‌ನಲ್ಲಿದ್ದಾಗ' ಬರುತ್ತಿತ್ತು. ನನ್ನ ಹೆಂಡತಿ ಜಯಾ ಅದನ್ನು ಎಣಿಸಿ, ಊಟದ ಹೊತ್ತಿಗೆ 'ಇವತ್ತಿಗೆ ಹದಿನಾಲ್ಕು' ಎನ್ನುತ್ತಿದ್ದಳು.

ಎರಡು ಸಾವಿರದ ಆರರ ವನಭೋಜನ ಆರ್ಬೊರೇಟಮ್ ಉದ್ಯಾನದಲ್ಲಿ. ಆ ವರ್ಷ ಜೂಲಿಯನ್ ಅವರ ಮೊಮ್ಮಗಳು ವನೆಸ್ಸಾ ಮೊದಲ ಸಲ ಆಟಕ್ಕಿಳಿದಿದ್ದಳು. ಅಜ್ಜ ಒಗಟು ಮಾಡುವಾಗ ಮೊಮ್ಮಗಳು ಆಡುವುದು ಚಂದವಲ್ಲ ಎಂದು ಅವರು ಅಲ್ಲಿಯವರೆಗೆ ಬಿಟ್ಟಿರಲಿಲ್ಲ. ಹತ್ತು ವರ್ಷದ ಹುಡುಗಿ ಎಷ್ಟು ದಿನ ಬೇರೆಯವರು ಆಡುವುದನ್ನು ನೋಡುತ್ತಾಳೆ? ಅತ್ತಳು. ಸಂಘದ ಅಧ್ಯಕ್ಷ ದ್ವಾರಕಾನಾಥ್ ಅವರೇ 'ಬಿಡಿ ಜೂಲಿಯನ್, ನಿಮ್ಮನ್ನ ಯಾರು ಸಂಶಯ ಪಡ್ತಾರೆ' ಎಂದು ಒಪ್ಪಿಸಿದರು. ಆದರೂ ಜೂಲಿಯನ್ ಅವಳನ್ನು ಬೆಳಗಿನ ಪೂಜೆಗೆ ಎಲ್ಸಿಯ ಜೊತೆ ಇಗರ್ಜಿಗೆ ಕಳಿಸಿ, ಆ ಹೊತ್ತಿನಲ್ಲಿ ಒಬ್ಬರೇ ಬಂದು ಚೀಟಿ ಅಡಗಿಸಿದ್ದರು.

ಒಂದು ತಂಡಕ್ಕೆ ವನೆಸ್ಸಾ ಮುಂದಾಳು, ಇನ್ನೊಂದಕ್ಕೆ ಅವಳದೇ ವಯಸ್ಸಿನ ನನ್ನ ಮಗಳು ಅಮೂಲ್ಯ. ಕೊನೆಯ ಸುಳಿವಿನವರೆಗೆ ಇಬ್ಬರೂ ಸಮಸಮ. ಆ ಚೀಟಿ ಸಿಕ್ಕಿದ್ದು ನಮ್ಮ ಜಮಖಾನದ ಪಕ್ಕದ ಮರದ ಬುಡದಲ್ಲಿ, ಅಮೂಲ್ಯ ಅದನ್ನು ಜೋರಾಗಿ ಓದಿದಳು. 'ಎರಡೂ ಬದಿಯಲ್ಲಿ ಒಬ್ಬನೇ. ಒಂದು ಬದಿ ದೊಡ್ಡವ, ಇನ್ನೊಂದು ಬದಿ ಮನೆಯೊಳಗೆ ಕೂತವ. ದೊಡ್ಡವನ ಮುಖ ತಿರುಗಿದ ಕಡೆಗೆ ಈ ಮರದಿಂದ ನಲವತ್ತು ಹೆಜ್ಜೆ.'

ನನ್ನ ಬಾಯಿ ಸುಮ್ಮನಿರಲಿಲ್ಲ. ನ್ಯೂಜೆರ್ಸಿ ಕ್ವಾರ್ಟರಿನ ಮುಂದೆಯೂ ವಾಷಿಂಗ್ಟನ್, ಹಿಂದೆ ಹೊಳೆ ದಾಟುವ ದೋಣಿಯಲ್ಲೂ ವಾಷಿಂಗ್ಟನ್. ಎರಡು ವರ್ಷ ಅದೇ ಊರಿನ ಕಾಫಿ ಕುಡಿದವನಿಗೆ ಇಷ್ಟೂ ಗೊತ್ತಿಲ್ಲವೇ! ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿ, "ನ್ಯೂಜೆರ್ಸಿ, ನ್ಯೂಜೆರ್ಸಿ" ಎಂದು ಮಗಳಿಗೆ ಪಿಸುಗುಟ್ಟಿದೆ. ಅವಳು ಒಂದು ಕ್ಷಣ ಅನುಮಾನಿಸಿದಳು. ಅವಳ ಕೈಯಲ್ಲಾಗಲೇ ಒಂದು ಸೆಂಟು ಇತ್ತು. ಆದರೆ ಅಪ್ಪ ಹೇಳಿದ ಮೇಲೆ ಮುಗಿಯಿತು. ವಾಷಿಂಗ್ಟನ್ ಎಡಕ್ಕೆ ನೋಡುತ್ತಾನೆ, ನನ್ನ ಮಗಳ ತಂಡ ಎಡಕ್ಕೆ ಓಡಿತು. ಲಿಂಕನ್ ನೋಡುವುದು ಬಲಕ್ಕೆ. ವನೆಸ್ಸಾಳ ತಂಡ ಬಲಕ್ಕೆ ಓಡಿ, ಬಿದಿರು ಮೆಳೆಯಿಂದ ಡಬ್ಬಿ ಎತ್ತಿ ಹಿಡಿದು ಕುಣಿಯಿತು.

ಅಮೂಲ್ಯ ಬರಿಗೈಲಿ ಬಂದು ನನ್ನ ಮುಂದೆ ನಿಂತಳು. ಅವಳ ಆ ಮುಖ ತಡೆಯಲಾಗದೆ ನಾನು ಎದ್ದೆ. ತಪ್ಪು ನನ್ನದೆಂದು ಒಪ್ಪಿಕೊಳ್ಳುವ ಬದಲು ಅದನ್ನು ಹೊರಿಸಲು ಇನ್ನೊಬ್ಬರನ್ನು ಹುಡುಕಿಕೊಂಡು ಎದ್ದೆ ಎನ್ನುವುದೇ ಸರಿ.

"ಅಂಕಲ್, ಇದು ಸರಿಯಿಲ್ಲ. ಎರಡೂ ಕಡೆ ಒಬ್ಬನೇ ಇರೋದು ನ್ಯೂಜೆರ್ಸಿ ಕ್ವಾರ್ಟರ್‌ನಲ್ಲಿ," ಎಂದೆ, ಎಲ್ಲರಿಗೂ ಕೇಳುವ ಹಾಗೆ.

"ಅದೂ ಹೌದು," ಎಂದರು ಜೂಲಿಯನ್ ಸಮಾಧಾನದಿಂದ. "ಆದರೆ ಅಲ್ಲಿ ಅವ ದೋಣಿಯಲ್ಲಿ ನಿಂತದ್ದು. ನಾನು ಬರೆದದ್ದು ಮನೆಯೊಳಗೆ ಕೂತವ ಅಂತ. ಅದು ಒಂದು ಸೆಂಟು, ಲಿಂಕನ್."

"ಸೆಂಟಿನ ಹಿಂದೆ ಇರೋದು ಬರೀ ಬಿಲ್ಡಿಂಗು. ಕಂಬಗಳು. ಯಾರೂ ಕೂತಿಲ್ಲ."

"ಕಂಬಗಳ ನಡುವೆ ಕೂತಿದ್ದಾನೆ ಮಾರಾಯ್ರೆ. ಚಿಕ್ಕದು. ರವೆಯಷ್ಟು."

"ನೀವು ಅಮೆರಿಕ ನೋಡಿದೀರಾ ಅಂಕಲ್?"

ಬಡಿಸುತ್ತಿದ್ದವರ ಕೈ ನಿಂತಿತು. "ಇಲ್ಲ," ಎಂದರು ಅವರು. ಆಮೇಲೆ ಜೇಬಿನಿಂದ ತಮ್ಮ ಭೂತಗನ್ನಡಿ ತೆಗೆದು, ವನೆಸ್ಸಾಳ ಚೀಲದ ಸೆಂಟಿನ ಜೊತೆ ನನ್ನ ಕೈಗಿಟ್ಟರು. "ನೀವೇ ನೋಡಿ."

ನೋಡಿದೆ. ಮೊದಲು ಮೆಟ್ಟಿಲು ಕಂಡವು, ಆಮೇಲೆ ಕಂಬಗಳು. ನಡುವಿನ ಎರಡು ಕಂಬಗಳ ಮಧ್ಯೆ, ಕುರ್ಚಿಯ ಮೇಲೆ ಕೈಯಿಟ್ಟುಕೊಂಡು, ಒಬ್ಬ ಮನುಷ್ಯ ಕೂತಿದ್ದ. ಎರಡು ವರ್ಷ ದಿನಾ ಜೇಬಿನಲ್ಲಿ ಹೊತ್ತು ತಿರುಗಿದ್ದವನು. ಸವೆದ ನಾಣ್ಯದಲ್ಲೂ ಸ್ಪಷ್ಟವಾಗಿದ್ದ.

"ಏನೂ ಕಾಣ್ತಿಲ್ಲ," ಎಂದೆ. "ಕಂಬ ಇದೆ, ಅಷ್ಟೆ."

ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಅದು ತಿಳಿಯದೆ ಆಡಿದ ಮಾತಲ್ಲ. ಕಂಡದ್ದನ್ನು ಕಂಡಿಲ್ಲ ಎಂದೆ.

ಅಲ್ಲಿದ್ದ ಅರವತ್ತು ಜನರಲ್ಲಿ ಯಾರಾದರೂ ಆ ಗಾಜನ್ನು ಕೈಗೆ ತೆಗೆದುಕೊಳ್ಳಬಹುದಿತ್ತು. ಯಾರೂ ತೆಗೆದುಕೊಳ್ಳಲಿಲ್ಲ. ಬಿಸಿಬೇಳೆಬಾತು ಆರುತ್ತಿತ್ತು. ಅಲ್ಲದೆ ಅಮೆರಿಕದಲ್ಲಿ ಇದ್ದು ಬಂದವನು ಅಮೆರಿಕದ ಬಗ್ಗೆ ಹೇಳಿದ ಮೇಲೆ ಅದನ್ನು ಪರೀಕ್ಷಿಸುವ ಅಭ್ಯಾಸ ನಮ್ಮವರಿಗಿಲ್ಲ. ದ್ವಾರಕಾನಾಥ್ ಸೆಂಟನ್ನು ಕೈ ಉದ್ದ ಮಾಡಿ ಹಿಡಿದು, ಕಣ್ಣು ಕಿರಿದು ಮಾಡಿ, "ಅಲ್ಲೇ ಇದ್ದವರು ಹೇಳ್ತಿದಾರಲ್ಲ ಜೂಲಿಯನ್, ನಿಮಗೆ ಎಲ್ಲೋ ತಪ್ಪಿರಬೇಕು," ಎಂದರು. ವನೆಸ್ಸಾ ಮಾತ್ರ "ಬಟ್ ಹೀ ಈಸ್ ದೇರ್!" ಎಂದು ಕೂಗಿದಳು.

ಆಗಲಾದರೂ ನಿಲ್ಲಿಸಬಹುದಿತ್ತು. ಸುಳ್ಳು ಹೇಳಿದವನಿಗೆ ಒಂದಕ್ಕೇ ತೃಪ್ತಿಯಾಗುತ್ತದೆಯೇ? "ಯಾರಿಗೂ ಕಾಣದ್ದು ಮೊಮ್ಮಗಳಿಗೆ ಮಾತ್ರ ಕಂಡಿದೆ, ಆಶ್ಚರ್ಯ!" ಎಂದು ನಕ್ಕೆ. ನನ್ನ ಜೊತೆ ಮೂರು ನಾಲ್ಕು ಜನ ನಕ್ಕರು.

ಜೂಲಿಯನ್ ನನ್ನನ್ನು ನೋಡಿದರು. ನನ್ನ ಪಕ್ಕದಲ್ಲಿದ್ದ ಅಮೂಲ್ಯಳನ್ನು ನೋಡಿದರು. ಆಮೇಲೆ ವನೆಸ್ಸಾಳ ಕೈಯಿಂದ ಡಬ್ಬಿ ತೆಗೆದು, ಎರಡೂ ಕೈಯಲ್ಲಿ ಅಮೂಲ್ಯಳಿಗೆ ಕೊಟ್ಟು, "ತೆಕೋ ಮಗಾ. ಚಂದ ಮಾಡಿ ಇಟ್ಟುಕೋ," ಎಂದರು. ಊಟಕ್ಕೆ ನಿಲ್ಲಲಿಲ್ಲ. ಎಲ್ಸಿ ಮಾಡಿ ತಂದಿದ್ದ 'ಸಣ್ಣ' ಎನ್ನುವ ಇಡ್ಲಿಯ ಪಾತ್ರೆಯನ್ನು ಅಲ್ಲೇ ಬಿಟ್ಟು, ಮೂವರೂ ಮಟಾಟು ವ್ಯಾನು ಹಿಡಿಯಲು ಗೇಟಿನ ಕಡೆ ನಡೆದರು.

ಬಹುಮಾನದ ಡಬ್ಬಿಯಲ್ಲಿ ಎರಡು ವಸ್ತು. ಒಂದು, ಬಂಗಾರದ ಬಣ್ಣದ ಡಾಲರ್ ನಾಣ್ಯ. ಅದರಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ತಾಯಿ, ನಮ್ಮ ಬೀದಿಯಲ್ಲಿ ಸುಕುಮಾ ಸೊಪ್ಪು ಮಾರುವ ಹೆಂಗಸಿನ ಹಾಗೆಯೇ. ಇನ್ನೊಂದು, ಮರದ ಹಿಡಿಯಿರುವ ಚಿಕ್ಕ ಭೂತಗನ್ನಡಿ, ಜೂಲಿಯನ್ ತಾವೇ ಉಜ್ಜಿದ್ದು. ಮೂರನೇ ದಿನ ಸಂಜೆ ಅಮೂಲ್ಯ ನನ್ನ ಮೇಜಿನ ಖಾನೆಯಿಂದ ನ್ಯೂಜೆರ್ಸಿಯ ಹಳೆ ಚಿಲ್ಲರೆ ತೆಗೆದು, ಕಿಟಕಿಯ ಹತ್ತಿರ ಕೂತು ನೋಡಿದಳು. ನನ್ನ ಬಳಿ ಬಂದು ಒಂದು ಸೆಂಟನ್ನು ಪೇಪರಿನ ಮೇಲೆ ಇಟ್ಟಳು.

"ಅಪ್ಪಾ, ಯೂ ಲುಕ್ಡ್," ಎಂದಳು. ಅಷ್ಟೇ ಹೇಳಿ ತನ್ನ ಕೋಣೆಗೆ ಹೋದಳು.

ಜಯಾ ಕೇಳಿಸಿಕೊಂಡಿದ್ದಳು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಿಮ್ದು ಅಡಿಕೆಗೂ ಹೋಗ್ಲಿಲ್ಲ, ಒಂದು ಸೆಂಟಿಗೆ ಹೋಯ್ತು," ಎಂದಳು. "ಹೋಗಿ ಹೇಳಿ ಬನ್ನಿ."

"ಬರೋ ಭಾನುವಾರ ಹೋಗ್ತೀನಿ," ಎಂದೆ. ಆ ಭಾನುವಾರ ಆಫೀಸಿನ ಕೆಲಸ ಬಂತು. ಮುಂದಿನ ಭಾನುವಾರ ತಲೆನೋವು ಬಂತು. ಈ ಊರಿನಲ್ಲಿ ದಾರಿಯಲ್ಲಿ ಯಾರೋ ಎಡವಿದರೆ ಅಪರಿಚಿತರೂ 'ಪೋಲೆ' ಎನ್ನುತ್ತಾರೆ, ಕ್ಷಮಿಸಿ, ಪಾಪ ಎನ್ನುವ ಹಾಗೆ. ಅವರು ತಳ್ಳಿರುವುದಿಲ್ಲ, ಆದರೂ ಎನ್ನುತ್ತಾರೆ. ನಾನೇ ತಳ್ಳಿದ ಮನುಷ್ಯನಿಗೆ ಆ ಎರಡಕ್ಷರ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಈ ನಡುವೆ ಜೂಲಿಯನ್ ಇನ್ನು ಮುಂದೆ ಆಟ ನಡೆಸುವುದಿಲ್ಲ ಎಂದು ಸಂಘಕ್ಕೆ ಎರಡು ಸಾಲು ಬರೆದು ಕಳಿಸಿದರು. ವನೆಸ್ಸಾ ಭಾನುವಾರದ ಕನ್ನಡ ತರಗತಿಗೆ ಬರುವುದನ್ನು ಬಿಟ್ಟಳು. ಅಲ್ಲಿ ಮಕ್ಕಳು ಅವಳನ್ನು 'ಚೀಟರ್' ಎಂದು ಕರೆಯುತ್ತಿದ್ದಾರೆ ಎಂದು ಅಮೂಲ್ಯಳೇ ಹೇಳಿದಳು, ನನ್ನನ್ನು ನೋಡದೆ, ತಟ್ಟೆ ನೋಡುತ್ತಾ.

ಕೊನೆಗೆ ಅಕ್ಟೋಬರಿನಲ್ಲಿ ಒಬ್ಬನೇ ಸೌತ್ ಬಿ ಬಡಾವಣೆಯ ಅವರ ಮನೆಗೆ ಹೋದೆ. ಎಲ್ಸಿ ಬಾಗಿಲು ತೆಗೆದರು. ಬನ್ನಿ ಎಂದರೇ ಹೊರತು ನಗಲಿಲ್ಲ. ಜೂಲಿಯನ್ ವರಾಂಡದಲ್ಲಿ ಯಾರದೋ ಕನ್ನಡಕಕ್ಕೆ ಕಡ್ಡಿ ಕೂಡಿಸುತ್ತಿದ್ದರು. ನನಗೆ ಕುರ್ಚಿ ಎಳೆದು ಕೊಟ್ಟರು, ಚಹಾ ಬಂತು. ದಾರಿಯುದ್ದಕ್ಕೂ ಕಲಿತುಕೊಂಡು ಹೋದ ಮಾತು ಬಾಯಿಗೆ ಬರುವಷ್ಟರಲ್ಲಿ ಬೇರೆಯೇ ಆಯಿತು.

"ಅಂಕಲ್, ಅವತ್ತು ನನಗೆ ಸರಿಯಾಗಿ ಕಾಣ್ಲಿಲ್ಲ. ಆಮೇಲೆ ಮನೇಲಿ ನೋಡಿದೆ. ನೀವು ಹೇಳಿದ್ದೇ ಸರಿ."

ಅವರು ಕಡ್ಡಿ ಕೆಳಗಿಟ್ಟರು. "ಕಂಡಿತ್ತು ನಿಮಗೆ," ಎಂದರು. ದನಿಯಲ್ಲಿ ಕೋಪವಿರಲಿಲ್ಲ. "ನಾನು ನಲವತ್ತು ವರ್ಷ ಜನ ಗಾಜಿನಲ್ಲಿ ನೋಡುವುದನ್ನು ನೋಡಿದವ. ಕಾಣದಿದ್ದರೆ ಕಣ್ಣು ಅಲೆಯುತ್ತದೆ. ಕಂಡ ಕೂಡಲೇ ನಿಲ್ಲುತ್ತದೆ. ನಿಮ್ಮದು ನಿಂತಿತು."

ನಾನು ಚಹಾದ ಲೋಟ ಕೆಳಗಿಟ್ಟೆ. "ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?"

"ಎಂತ ಹೇಳುವುದು? ನಿಮ್ಮ ಮಗಳು ಪಕ್ಕದಲ್ಲೇ ಇದ್ದಳು. ತಂದೆ ಸುಳ್ಳ ಅಂತ ಅವಳ ಎದುರು ಹೇಳುವುದಾ? ಮುದುಕನಿಗೆ ತಪ್ಪಿತು ಅಂದರೆ ಮುಗಿದುಹೋಗುತ್ತದೆ ಅಂತ ಗ್ರಹಿಸಿದೆ."

ಆ ವರಾಂಡದಲ್ಲಿ ನನಗಾದ ನಾಚಿಕೆಯನ್ನು ಹೇಳುವ ಮಾತು ಇವತ್ತಿಗೂ ಸಿಕ್ಕಿಲ್ಲ. ಅವರು ನನ್ನ ಮಗಳ ಮುಂದೆ ನನ್ನ ಮಾನ ಉಳಿಸಿದ್ದರು. ಅದೇ ನಿಮಿಷದಲ್ಲಿ ನಾನು ಅವರ ಮೊಮ್ಮಗಳನ್ನು ಕಳ್ಳಿ ಮಾಡಿ ನಗುತ್ತಿದ್ದೆ.

"ನನ್ನದು ಬಿಡಿ," ಎಂದರು ಜೂಲಿಯನ್. "ಮಗುವಿನ ಹೆಸರು ಹಾಳಾಯಿತಲ್ಲ, ಅದು ಆಗಬಾರದಿತ್ತು. ನನ್ನ ಹತ್ತಿರ ಹೇಳಿ ಎಂತ ಪ್ರಯೋಜನ? ಅಲ್ಲಿ ಇದ್ದವರ ಎದುರು ಒಂದು ಮಾತು ಹೇಳಿ. ಅಷ್ಟು ಸಾಕು."

"ರಾಜ್ಯೋತ್ಸವಕ್ಕೆ ಹೇಳ್ತೀನಿ. ನೀವೆಲ್ಲ ಬನ್ನಿ," ಎಂದು ಮಾತು ಕೊಟ್ಟೆ.

ನವೆಂಬರಿನ ಎರಡನೇ ಶನಿವಾರ ವೆಸ್ಟ್‌ಲ್ಯಾಂಡ್ಸಿನ ಸಭಾಂಗಣದಲ್ಲಿ ರಾಜ್ಯೋತ್ಸವ. ಜೂಲಿಯನ್, ಎಲ್ಸಿ, ನಡುವೆ ವನೆಸ್ಸಾ, ಮೂವರೂ ಹಿಂದಿನ ಸಾಲಿನಲ್ಲಿ. ಮುಂದೆ ಜಯಾ, ಅಮೂಲ್ಯ. ಎರಡು ನಿಮಿಷ ಬೇಕೆಂದು ದ್ವಾರಕಾನಾಥ್ ಅವರನ್ನು ಮೊದಲೇ ಕೇಳಿಕೊಂಡಿದ್ದೆ. ಮೈಕಿನ ಮುಂದೆ ನಿಂತಾಗ ಮುಂದಿನ ಸಾಲಿನಲ್ಲಿ ಬ್ಯಾಂಕಿನಲ್ಲಿರುವ ನನ್ನ ಸ್ನೇಹಿತರು, ನನ್ನ ಆಫೀಸಿನವರು, ಎಲ್ಲ ಕಂಡರು. ಹೇಳಬೇಕಾದ ಮಾತು ಒಂದೇ ಇತ್ತು, 'ಕಂಡಿತ್ತು, ಸುಳ್ಳು ಹೇಳಿದೆ' ಎಂದು. ನನ್ನ ಬಾಯಿ ಮತ್ತೆ ತನ್ನ ದಾರಿ ತಾನು ನೋಡಿಕೊಂಡಿತು.

"ಆಗಸ್ಟಿನ ಆಟದಲ್ಲಿ ಜೂಲಿಯನ್ ಅಂಕಲ್ ಒಗಟು ಸರಿಯಾಗೇ ಇತ್ತು. ಸೆಂಟಿನ ಹಿಂದೆ ಲಿಂಕನ್ ಇದಾನೆ. ಏನ್ಮಾಡೋದು, ನಲವತ್ತು ದಾಟ್ತು ನೋಡಿ, ನನ್ನ ಕಣ್ಣು ಕೈಕೊಡ್ತು. ವನೆಸ್ಸಾ ಪುಟ್ಟಿ, ಸಾರಿ."

ಸಭೆ ಪ್ರೀತಿಯಿಂದ ನಕ್ಕಿತು. ಎಷ್ಟು ದೊಡ್ಡ ಮನಸ್ಸು ಎನ್ನುವ ಹಾಗೆ ಚಪ್ಪಾಳೆ ತಟ್ಟಿತು. ನನಗೂ ಒಳಗೊಳಗೆ ಹಗುರವಾಯಿತು ಎಂದರೆ ನನ್ನ ಚರ್ಮದ ದಪ್ಪ ತಿಳಿದೀತು. ದ್ವಾರಕಾನಾಥ್ ಎದ್ದು, "ಜೂಲಿಯನ್, ಇವರಿಗೆ ನೀವೇ ಒಂದು ಒಳ್ಳೇ ಕನ್ನಡಕ ಮಾಡಿಕೊಟ್ಬಿಡಿ!" ಎಂದರು. ಮತ್ತೆ ನಗು.

ಎಲ್ಲರೂ ಹಿಂದೆ ತಿರುಗಿ ನೋಡಿದರು. ಜೂಲಿಯನ್ ಮೆಲ್ಲಗೆ ಎದ್ದು ನಿಂತರು. ಮೊಮ್ಮಗಳ ಹೆಗಲ ಮೇಲೆ ಅವರ ಕೈ ಇತ್ತು.

"ಅವರಿಗೆ ಕನ್ನಡಕ ಬೇಡ," ಎಂದರು. "ಅವರ ಕಣ್ಣು ಸರಿ ಉಂಟು. ನಾನು ನೋಡಿದ್ದೇನೆ."

ನಗು ನಿಂತಿತು. ಮೊದಲು ಕೆಲವರಿಗೆ ಅರ್ಥವಾಯಿತು, ಆಮೇಲೆ ಉಳಿದವರಿಗೆ. ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಜೂಲಿಯನ್ ನಿಂತೇ ಇದ್ದರು, ನನ್ನ ಮಾತಿಗಾಗಿ ಕಾಯುತ್ತಾ.

"ಕಂಡಿತ್ತು," ಎಂದೆ ಮೈಕಿನಲ್ಲಿ. "ಅವತ್ತೇ ಕಂಡಿತ್ತು. ಮಗಳಿಗೆ ತಪ್ಪು ಉತ್ತರ ಹೇಳಿಕೊಟ್ಟವನೂ ನಾನೇ. ವನೆಸ್ಸಾ ಯಾವ ಮೋಸವೂ ಮಾಡಿಲ್ಲ."

ಚಪ್ಪಾಳೆ ಬರಲಿಲ್ಲ. ಜೂಲಿಯನ್ ತಲೆಯಾಡಿಸಿ ಕೂತರು. ಅಮೂಲ್ಯ ತನ್ನ ಕುರ್ಚಿಯಿಂದ ಎದ್ದು, ನನಗೆ ಬೆನ್ನು ಹಾಕಿ, ಹಿಂದಿನ ಸಾಲಿಗೆ ಹೋಗಿ ವನೆಸ್ಸಾಳ ಪಕ್ಕದಲ್ಲಿ ಕೂತಳು. ಕಾರ್ಯಕ್ರಮ ಮುಗಿಯುವವರೆಗೂ ಅಲ್ಲೇ ಕೂತಿದ್ದಳು. ನಾನು ಆ ಮಾತು ನಾನಾಗಿ ಹೇಳಿದ್ದರೆ ಅವಳು ಎಲ್ಲಿ ಕೂರುತ್ತಿದ್ದಳೋ ಗೊತ್ತಿಲ್ಲ. ನಾನಾಗಿ ಹೇಳಲಿಲ್ಲ ಎನ್ನುವುದು ಮಾತ್ರ ಅವಳಿಗೂ ಗೊತ್ತು, ನನಗೂ ಗೊತ್ತು.